ಕೆರೆಗೋಡಿನ ಹೊಗೆ

ಲೆಕ್ಕದ ಪುಸ್ತಕದ ೧೯೪೬ರ ಫೆಬ್ರವರಿ ೧೧, ಸೋಮವಾರದ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ: "ಬಾಟಲಿ ಮೂರು. ಚೀಟಿ ಇಲ್ಲ."

ಆಗ ನನಗೆ ಇಪ್ಪತ್ತೆರಡು. ದೇವನಹಳ್ಳಿ ಕೋಟೆಯ ಹೊರಗಿನ ಬಾಡಿಗೆ ಬಂಗಲೆಯಲ್ಲಿದ್ದ ಸ್ಕಾಟ್ಲೆಂಡಿನ ಎಂಜಿನಿಯರ್ ದೊರೆಯ ಬಳಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ದಿನವೂ ಆವತಿಯಿಂದ ಸೈಕಲ್ ತುಳಿದು ಬರುತ್ತಿದ್ದೆ. ಯುದ್ಧ ಮುಗಿದಿತ್ತು. ಶನಿವಾರ ಲಾರಿ ಬರುವುದೆಂದೂ ದೊರೆ ಊರಿಗೆ ಹೊರಡುವುದೆಂದೂ ನಿಶ್ಚಯವಾಗಿತ್ತು. ಸಾಮಾನು ಕಟ್ಟಲು ಗೋಡೆಯ ಬೀರು ತೆಗೆದಾಗ ವಿಸ್ಕಿ ಬಾಟಲಿಗಳ ಮೇಲಿನ ಚೀಟಿಗಳನ್ನು ಗೆದ್ದಲು ಪೂರ್ತಿ ತಿಂದು, ಗಾಜಿನ ಮೇಲೆ ಮಣ್ಣಿನ ಗೆರೆ ಮಾತ್ರ ಬಿಟ್ಟಿತ್ತು.

ಬೀರು ನನ್ನ ಸುಪರ್ದಿನಲ್ಲಿತ್ತು. ಪ್ರತಿ ಶನಿವಾರ ಬಾಟಲಿ ಎಣಿಸಿ ಪುಸ್ತಕದಲ್ಲಿ "ಮೂರು, ಸರಿ" ಎಂದು ಗುರುತು ಹಾಕುತ್ತಿದ್ದೆ. ಎಣಿಕೆ ಒಂದು ವಾರವೂ ತಪ್ಪಿರಲಿಲ್ಲ. ಬಾಟಲಿಯನ್ನು ತಿರುಗಿಸಿ ಅದರ ಮುಖ ನೋಡಿದ್ದು ಮಾತ್ರ ಒಂದು ಸಲವೂ ಇಲ್ಲ.

ಮೂರೂ ಬೇರೆ ಬೇರೆ ಭಟ್ಟಿಯ ಸಿಂಗಲ್ ಮಾಲ್ಟ್, ಅಂದರೆ ಮೊಳಕೆ ಕಟ್ಟಿದ ಬಾರ್ಲಿಯಿಂದ ಒಂದೇ ಭಟ್ಟಿಯಲ್ಲಿ ಇಳಿಸಿದ ವಿಸ್ಕಿ. ಮೂರರಲ್ಲೂ ತೆಳ್ಳಗೆ ಹೊಗೆಯ ರುಚಿ. ಅವುಗಳಲ್ಲಿ ಒಂದನ್ನು ದೊರೆಯ ತಮ್ಮ ಕಳಿಸಿದ್ದ. ಕಳಿಸಿದ ಮೇಲೆ ಯುದ್ಧದಲ್ಲಿ ತೀರಿಕೊಂಡಿದ್ದ. ಅದನ್ನು ತಾಯಿಗೆ ಕೊಡಬೇಕೆಂದು ದೊರೆ ಕಾದಿಟ್ಟಿದ್ದರು. ರುಚಿ ನೋಡಿ ಹೇಳೋಣವೆಂದರೆ, ಬರ್ಮಾ ಗಡಿಯಲ್ಲಿ ಜೀಪು ಮಗುಚಿ ತಲೆಗೆ ಪೆಟ್ಟು ಬಿದ್ದಾಗಿನಿಂದ ದೊರೆಗೆ ವಾಸನೆಯೇ ಗೊತ್ತಾಗುತ್ತಿರಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತಮ್ಮನ ಹಳೆಯ ಕಾಗದ ತಂದು ಒಂದು ಸಾಲನ್ನು ಓದಿದರು: "ಇದನ್ನು ನುಂಗಿ, ನೀನು ಬೇರೆ ಏನನ್ನೋ ಯೋಚಿಸುತ್ತಿರುವಾಗ ಹೊಗೆ ಬರುತ್ತದೆ." ಆಮೇಲೆ, "ಎಲ್ಲವನ್ನೂ ಬರೆದಿಡುವವನು ನೀನು. ಕುಡಿದು ನೋಡಿ ಹೇಳು" ಎಂದರು.

ನಾನು ಅದುವರೆಗೆ ಹೆಂಡದ ಗಡಿಗೆ ಕೂಡ ಮೂಸಿದವನಲ್ಲ. ಯಾವ ಹೊಗೆ ಎಂದು ಕೇಳಿದೆ. ನೆಲದಿಂದ ಹಸಿಯಾಗಿ ತೆಗೆದು, ಇಟ್ಟಿಗೆಯಂತೆ ಮಾಡಿ, ಬಿಸಿಲಲ್ಲಿ ಒಣಗಿಸಿ, ಒಟ್ಟಿಟ್ಟುಕೊಂಡು ಒಲೆಗೆ ಹಾಕುತ್ತಾರೆ, ಅದೇ ಹೊಗೆಯಲ್ಲಿ ಬಾರ್ಲಿಯನ್ನೂ ಒಣಗಿಸುತ್ತಾರೆ ಎಂದರು. ನಮ್ಮ ಕಡೆ ಹೀಗೆ ಒಣಗಿಸಿ, ಒಟ್ಟಿ, ಸುಡುವುದು ಒಂದನ್ನೇ. "ಬೆರಣಿ" ಎಂದು ಬರೆದುಕೊಂಡೆ.

ಬಾಟಲಿಗಳಿಗೆ ಒಂದು, ಎರಡು, ಮೂರು ಎಂದು ದಾರ ಕಟ್ಟಿದೆ. ದಿನಕ್ಕೆ ಮೂರು ಸರದಿ. ಪ್ರತಿ ಸರದಿಗೆ ಪ್ರತಿಯೊಂದರಿಂದ ಅರ್ಧ ಚಮಚ, ಅಷ್ಟೇ ನೀರು. ಯಾವ ಲೋಟದಲ್ಲಿ ಯಾವುದೆಂದು ನನಗೆ ಕಾಣದ ಹಾಗೆ, ಲೋಟದ ತಳಕ್ಕೆ ಮಾತ್ರ ಅಂಕಿ ಬರೆದು ಸುರಿದುಕೊಡುವುದು ಅಡುಗೆಯ ಸಾಯಬರ ಕೆಲಸ; ಕಾಗದದ ಮಾತಿಗೆ ಹೊಂದುವ ಒಂದನ್ನು ಆರಿಸುವುದು ನನ್ನದು. ಅವರು ದೇವನಹಳ್ಳಿ ಪೇಟೆಯವರು, ಮುದುಕರು, ಮದ್ಯ ಮುಟ್ಟದವರು.

"ಲೆಕ್ಕ ಹಾಕ್ಕೊಂಡು ಕುಡಿಯೋರ್ನ ಇವತ್ತೇ ನೋಡ್ತಿರೋದು, ರೈಟರ್ ಸಾಬ್," ಎಂದರು ಸಾಯಬರು.

"ನೀವೂ ಒಂಚೂರು ಮೂಸಿ ಹೇಳಿ ಚಾಚಾ. ಮೂಸಿದ್ರೆ ಪಾಪ ಬರಲ್ಲ."

"ತೋಬಾ! ನನ್ನ ಮೂಗು ಒಳ್ಳೇ ಮನೆತನದ್ದಪ್ಪಾ."

ಒಂದನೆಯದರಲ್ಲಿ ಮೊಳಕೆ ರಾಗಿ ಹುರಿದ ಘಮ, ಹೊಗೆ ಬೇಗ ಬಂದು ಬೇಗ ಹೋಗುತ್ತದೆ ಎಂದು ಬರೆದೆ. ಎರಡನೆಯದು ಉಪ್ಪುಪ್ಪು, ಹೊಗೆಯ ಘಾಟು ಮೂಗಿಗೇ ಹೊಡೆಯುತ್ತದೆ. ಮೂರನೆಯದು ಮೊದಲು ಜೇನು, ಆಮೇಲೆ ಚಕ್ಕೋತದ ಬಿಳಿ ಸಿಪ್ಪೆಯ ಕಹಿ. ಮನೆಗೆ ಹೋಗುವ ದಾರಿಯಲ್ಲಿ ಎರಡೆರಡು ವೀಳ್ಯದೆಲೆ ಅಗಿಯುತ್ತಿದ್ದೆ. ಆದರೂ ಅವ್ವ ಹತ್ತಿರ ಬಂದರೆ ಎದ್ದು ಹೊರಗೆ ಹೋಗುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಬೆರಣಿ ಒಲೆಯ ಮೇಲೆ ಕಾದ ಹಾಲಿನ ವಾಸನೆಯನ್ನೇ ಹುಡುಕುತ್ತಾ ಎರಡು ದಿನ ಕಳೆದೆ. ಆರು ಸರದಿಯಲ್ಲಿ ಐದು ಸಲ ನಾನು ಆರಿಸಿದ್ದು ಎರಡನೆಯ ಬಾಟಲಿಯದೇ ಆಗಿತ್ತು. ಮಂಗಳವಾರ ಸಂಜೆ ಧೈರ್ಯವಾಗಿ ಹೋಗಿ, "ಎರಡನೆಯದು ಸರ್. ಸಗಣಿಯ ಹೊಗೆ ಅದರಲ್ಲೇ ಸ್ಪಷ್ಟವಾಗಿದೆ" ಎಂದೆ.

ದೊರೆ ನನ್ನನ್ನೇ ನೋಡಿದರು. ಆಮೇಲೆ ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು. ತಿಂಗಳುಗಳಿಂದ ಅವರು ಹಾಗೆ ನಕ್ಕಿರಲಿಲ್ಲ. "ಸಗಣಿಯಲ್ಲ ಮಾರಾಯಾ, ಮಣ್ಣು! ಜೌಗಿನ ಮಣ್ಣು. ನೂರಾರು ವರ್ಷದ ಹುಲ್ಲು, ಬೇರು ಕೊಳೆತು ಆದ ಮಣ್ಣು."

ಆರೂ ಸರದಿಗಳ ಮೇಲೆ ಅಡ್ಡಗೆರೆ ಎಳೆದೆ. ಉಳಿದಿದ್ದು ಎರಡೇ ದಿನ, ಯಾಕೆಂದರೆ ಶುಕ್ರವಾರ ಪೆಟ್ಟಿಗೆಗಳಿಗೆ ಮೊಳೆ ಹೊಡೆಯಬೇಕಿತ್ತು. ಸೈಕಲ್ ಮೇಲೂ ಅದೇ ಯೋಚನೆ. ಮಣ್ಣು ಉರಿಯುವುದೆಂದರೇನು? ಆವತಿಯ ಕೆರೆ ಏರಿ ದಾಟುವಾಗ ಸೈಕಲ್ ನಿಲ್ಲಿಸಿದೆ. ನೀರು ಹಿಂದಕ್ಕೆ ಸರಿದ ಅಂಗಳದಲ್ಲಿ ಗೋಡು ಎತ್ತುತ್ತಿದ್ದರು. ಹೊಲಕ್ಕೆ ಹೊಡೆಯುವ ಕಪ್ಪು ಹೂಳು ಅದು. ಒಣಗಿದ ಜೊಂಡಿಗೆ ಯಾರೋ ಬೆಂಕಿ ಇಟ್ಟಿದ್ದರು. ಮೇಲಿನ ಜೊಂಡು ಉರಿದು ಹೋಗಿತ್ತು. ಕೆಳಗೆ ಬೇರು ತುಂಬಿದ ಗೋಡು ಮಾತ್ರ ಜ್ವಾಲೆಯಿಲ್ಲದೆ ಹೊಗೆಯಾಡುತ್ತಿತ್ತು.

ಎರಡು ಹೆಂಟೆಯನ್ನು ಟವಲಿನಲ್ಲಿ ಕಟ್ಟಿಕೊಂಡು ಬುಧವಾರ ಬೆಳಿಗ್ಗೆ ಬಂಗಲೆಗೆ ಒಯ್ದೆ. ಸಾಯಬರು ಇದ್ದಿಲ ಒಲೆಯ ಮೇಲೆ ಅದನ್ನಿಟ್ಟು ಊದಿ ಊದಿ ಕೆಮ್ಮಿದರು.

"ಕೆರೆ ಮಣ್ಣು ಬೇಯಿಸೋಕೆ ಬಂದೆಯಾ? ಇದಕ್ಕೆ ಮಸಾಲೆ ಎಷ್ಟು ಹಾಕ್ಲಿ?"

"ಊದಿ ಚಾಚಾ, ಆರೋಗ್ತದೆ!"

ಆ ಹೊಗೆ ಬೆರಣಿಯದಕ್ಕಿಂತ ತಣ್ಣಗಿತ್ತು, ಒದ್ದೆ ಬೇರಿನ ಸಿಹಿ ಅದರಲ್ಲಿತ್ತು. ಮೂಗಿನಲ್ಲಿ ಅದು ಇರುವಾಗಲೇ ಲೋಟ ಎತ್ತಿದೆ. ನುಂಗಿದ ಮೇಲೆ ಬೇಕೆಂದೇ ಹದಿನೇಳರ ಮಗ್ಗಿ ಹೇಳಿಕೊಂಡೆ, ಬೇರೆ ಯೋಚನೆ ಇರಲಿ ಎಂದು. ಏಳನೆಯ ಸಾಲಿಗೆ ಬರುವಷ್ಟರಲ್ಲಿ ಗಂಟಲ ಹಿಂದಿನಿಂದ ಕೆರೆಯಂಗಳವೇ ಎದ್ದು ಬಂತು. ಲೋಟದ ತಳ ನೋಡಿದರೆ ಮೂರನೆಯದು.

ಗುರುವಾರ ಸಂಜೆಗೆ ಆರು ಸರದಿ ಮುಗಿದಾಗ ನಾನು ಆರಿಸಿದ್ದರಲ್ಲಿ ಮೂರನೆಯದು ನಾಲ್ಕು ಸಲ, ಒಂದನೆಯದು ಎರಡು ಸಲ ಬಂದಿದ್ದವು. ವರಾಂಡದಲ್ಲಿ ಹತ್ತು ಸುತ್ತು ತಿರುಗಿದೆ. "ಮೂರನೆಯದೇ" ಎಂದುಬಿಟ್ಟರೆ ಅವರು ನಿಶ್ಚಿಂತೆಯಿಂದ ಹೋಗುತ್ತಿದ್ದರು. ಹೋಗಿ, ಪುಸ್ತಕವನ್ನೇ ಮುಂದಿಟ್ಟೆ.

"ಆರರಲ್ಲಿ ನಾಲ್ಕು," ಎಂದರು ದೊರೆ. "ನಮ್ಮ ಮನೆಯ ಒಲೆಯಲ್ಲಿ ಇವತ್ತಿಗೂ ಆ ಮಣ್ಣೇ ಉರಿಯುವುದು. ಮೂಸಿದರೆ ಅಮ್ಮನಿಗೆ ಗೊತ್ತಾಗುತ್ತದೆ. ಸರಿಯೋ ತಪ್ಪೋ, ನಿನಗೆ ಬರೆಯುತ್ತೇನೆ." ಮೂರನೆಯದನ್ನು ತಾವೇ ಉಣ್ಣೆಯ ಕಾಲುಚೀಲದೊಳಗೆ ತೂರಿಸಿ ಪೆಟ್ಟಿಗೆಯಲ್ಲಿಟ್ಟರು.

ಮಾರ್ಚ್, ಏಪ್ರಿಲ್, ಮೇ. ಅಂಚೆಯವನನ್ನು ನಾನು ಕೇಳಿದ್ದು ಒಟ್ಟು ಮೂವತ್ತೊಂದು ಸಲ. ಕೊನೆಕೊನೆಗೆ ಅವನೇ ದೂರದಿಂದ ಕೈ ಅಲ್ಲಾಡಿಸಿಬಿಡುತ್ತಿದ್ದ. ಜೂನ್‌ನಲ್ಲಿ ಕಾಗದ ಬಂತು. ತಾಯಿ ಬಾಟಲಿಯನ್ನು ಮಗನ ಪಟದ ಪಕ್ಕದಲ್ಲಿಟ್ಟಿದ್ದಾರಂತೆ. ಮುಚ್ಚಳ ತೆಗೆಯಲು ಯಾರಿಗೂ ಬಿಡುವುದಿಲ್ಲವಂತೆ. ಅವನದೇ ಎಂದು ಅವರಿಗೆ ಸಂಶಯವೇ ಇಲ್ಲವಂತೆ.

ಆರರಲ್ಲಿ ನಾಲ್ಕು ಎಂಬುದನ್ನು ತಾಯಿಗೆ ಹೇಳಿದ್ದೀರಾ ಎಂದು ಕೇಳಿ ಅದೇ ದಿನ ಉತ್ತರ ಬರೆದೆ. ಅಂಚೆ ಕಚೇರಿಯ ಬಾಗಿಲವರೆಗೂ ಹೋದೆ. ಅಂಚೆಗೆ ಹಾಕದ ಆ ಕಾಗದ ಇವತ್ತಿಗೂ ಈ ಪುಸ್ತಕದೊಳಗೇ ಇದೆ.