ಕೇಳದೆ ಬರೆದವರ ಮೇಲಿನ ಸಿಟ್ಟು

ಸಿಟ್ಟು ಬಂದರೆ ಅರಬ್ಬಿ ಮಾಸ್ತರರ ಕಿವಿ ಮೊದಲು ಕೆಂಪಾಗುತ್ತಿತ್ತು, ಆಮೇಲೆ ಬಿಳಿ ಗಡ್ಡದ ಮೇಲಿನ ಕೆನ್ನೆ. ದನಿ ಮಾತ್ರ ಏರುತ್ತಿರಲಿಲ್ಲ. ಭಟ್ಕಳದ ಶಾಲೆಯೊಂದರಲ್ಲಿ ನಲವತ್ತು ವರ್ಷ ಅರಬ್ಬಿ ಕಲಿಸಿ, ನಿವೃತ್ತರಾಗಿ, ಹೆಬಳೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ನಾನು ಹೊನ್ನಾವರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು.

ಅವರ ಸಿಟ್ಟನ್ನು ನಾನು ಮೊದಲು ಕಂಡದ್ದು ನನ್ನದೇ ಲೇಖನದಿಂದ. ಇಸ್ಲಾಮಿನ ಧರ್ಮಗ್ರಂಥದ ಶೈಲಿಯ ಬಗ್ಗೆ ಪತ್ರಿಕೆಯೊಂದಕ್ಕೆ ಬರೆದಿದ್ದೆ. ಹೇಳಿದ್ದನ್ನೇ ಹೇಳುತ್ತದೆ, ವಿಷಯದಿಂದ ವಿಷಯಕ್ಕೆ ಹಾರುತ್ತದೆ, ಕಥೆಗಳು ಅರ್ಧಕ್ಕೇ ನಿಲ್ಲುತ್ತವೆ ಎಂದೆಲ್ಲ. ಯುರೋಪಿನ ಪಂಡಿತರ ಮಾತುಗಳನ್ನು ಇಂಗ್ಲಿಷಿನಲ್ಲಿ ಓದಿ ನನ್ನದೇ ಅಭಿಪ್ರಾಯವೆಂಬಂತೆ ಇಳಿಸಿದ್ದೆ. ಮಾಸ್ತರರು ಪತ್ರಿಕೆ ಹಿಡಿದು ನಮ್ಮ ಜಗಲಿಗೆ ಬಂದರು.

"ತಂಗಿ, ಈ ಗ್ರಂಥ ಓದೋದನ್ನ ಒಂದ್ಸಲ ಆದ್ರೂ ಕೇಳಿದ್ದೀಯಾ?"

"ಓದಿದ್ದೇನೆ ಮಾಸ್ತರ್ರೇ, ಅನುವಾದದಲ್ಲಿ."

"ಓದಿದ್ಯಾ ಹೇಳಿ ಕೇಳ್ಲಿಲ್ಲ ನಾನು. ನಿಮ್ಮ ಭಜನೆಲಿ ಪಲ್ಲವಿ ಹತ್ತು ಸಲ ಬರ್ತದೆ. ಅದಕ್ಕೂ ಪುನರುಕ್ತಿ ದೋಷ ಹೇಳಿ ಬರೀತೀಯಾ?"

ಧರ್ಮನಿಂದೆ ಎಂದು ಬೈಯುತ್ತಾರೆ ಅಂದುಕೊಂಡಿದ್ದೆ. ಬದಲಿಗೆ ತಮ್ಮ ಮನೆಗೆ ಕರೆದೊಯ್ದು ಕಪಾಟು ತೆರೆದರು. ಅದೇ ಪಂಡಿತರ ಪುಸ್ತಕಗಳು! ಅಂಚಿನ ತುಂಬ ಪೆನ್ಸಿಲಿನ ಜಗಳ. ಅಲ್ಲಲ್ಲಿ 'ಇದು ಸರಿ' ಎಂದೂ ಬರೆದಿದ್ದರು.

"ಟೀಕೆ ಮಾಡು, ಯಾರು ಬೇಡ ಹೇಳ್ತಾರೆ? ಕಿವಿ ಮುಚ್ಕೊಂಡು ಮಾಡ್ಬೇಡ."

ಎರಡು ವರ್ಷ ಪ್ರತಿ ಭಾನುವಾರ ಅರಬ್ಬಿಯನ್ನು ಅಕ್ಷರದಿಂದ ಕಲಿಸಿದರು. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುವ ಅಧ್ಯಾಯವೊಂದನ್ನು ಅವರ ಬಾಯಲ್ಲಿ ಕೇಳಿದ ದಿನ, ಆ ಪ್ರಶ್ನೆ ಪ್ರತಿ ಸಲವೂ ಬೇರೆ ತೂಕದಲ್ಲಿ ಬಂದು ಬಿತ್ತು. ನನ್ನ ಲೇಖನ ನೆನೆದು ನಾಚಿಕೆಯಾಯಿತು.

ಆಮೇಲೆ ಕುಮಟಾದಲ್ಲೊಂದು ವಿಚಾರಗೋಷ್ಠಿ. ನಾನು ವೇದಿಕೆಯ ಮೇಲೆ, ಮಾಸ್ತರರು ಸಭೆಯಲ್ಲಿ. ಮುಖ್ಯ ಭಾಷಣಕಾರರು ಅದೇ ಹಳೆಯ ಆರೋಪಗಳನ್ನು ಓದಿದರು. ಮಾಸ್ತರರು ಎದ್ದು ನಿಂತರು.

"ಸರ್, ಒಂದೇ ಒಂದು ಸಾಲು ಅರಬ್ಬಿಲಿ ಹೇಳಿ, ದೋಷ ಎಲ್ಲಿದೆ ತೋರಿಸ್ತೀರಾ?"

ಯಾರೋ ನಕ್ಕರು. ಅಧ್ಯಕ್ಷರು ಕೈ ಬೀಸಿದರು. "ಇದು ಸಾಹಿತ್ಯದ ಗೋಷ್ಠಿ. ಧರ್ಮಬೋಧನೆ ಬೇಡ. ಕೂತ್ಕೊಳ್ಳಿ."

ಜೀವಮಾನವಿಡೀ ಆ ಭಾಷೆಯ ವ್ಯಾಕರಣ ಕಲಿಸಿದವರ ಪ್ರಶ್ನೆ ಧರ್ಮಬೋಧನೆ. ಒಂದಕ್ಷರ ಗೊತ್ತಿಲ್ಲದವರ ತೀರ್ಪು ಸಾಹಿತ್ಯ! ಮೈಕ್ ನನ್ನ ಮುಂದೆಯೇ ಇತ್ತು. ನಾನು ಆಮಂತ್ರಣ ಪತ್ರಿಕೆಯನ್ನು ಓದುತ್ತ ಕೂತೆ.

ವಾಪಸು ಬರುವ ಬಸ್ಸು ಶರಾವತಿ ಸೇತುವೆ ದಾಟಿತು. ಮಾಸ್ತರರು ನನ್ನ ಕಡೆ ತಿರುಗಿ ಹೇಳಿದರು: "ಅವ್ರ ಮೇಲೆ ಸಿಟ್ಟಿಲ್ಲ ತಂಗಿ. ಅವ್ರಿಗೆ ಗೊತ್ತಿಲ್ಲ. ನಿಂಗೆ ಗೊತ್ತಿತ್ತು."

ಆ ಮಳೆಗಾಲದಲ್ಲೇ ಹೃದಯಾಘಾತದಿಂದ ತೀರಿಕೊಂಡರು. ನನ್ನ ತಪ್ಪು ಒಪ್ಪಿಕೊಂಡು ಹೊಸ ಲೇಖನ ಬರೆದು ಅದೇ ಪತ್ರಿಕೆಗೆ ಕಳಿಸಿದೆ. "ವಿವಾದ ಬೇಡ ಮೇಡಂ" ಎಂದು ಸಂಪಾದಕರು ವಾಪಸು ಕಳಿಸಿದರು. ಹಳೆಯದನ್ನು ಅಚ್ಚು ಹಾಕುವಾಗ ಈ ಭಯ ಅವರಿಗಿರಲಿಲ್ಲ.

ಈಗ ಪ್ರತಿ ವರ್ಷ ಆ ಹಳೆಯ ಲೇಖನವನ್ನು ತರಗತಿಯಲ್ಲಿ ಓದುತ್ತೇನೆ, ಕೆಟ್ಟ ವಿಮರ್ಶೆಗೆ ಉದಾಹರಣೆಯಾಗಿ. ಬರೆದವರು ಯಾರು ಎಂದು ಮಕ್ಕಳು ಕೇಳುತ್ತಾರೆ. ನನ್ನ ಹೆಸರು ಹೇಳುತ್ತೇನೆ.