ಬೆಕ್ಕಿನ ಪರವಾಗಿ ಲಾಡಿಹುಳುವಿನ ಸಾಕ್ಷಿ

ಬಸವಕಲ್ಯಾಣದ ನನ್ನ ಅಕ್ಕನ ಮನೆಯಲ್ಲಿ ಬೆಕ್ಕಿನ ಮೇಲೆ ಎರಡು ಆರೋಪಗಳಿದ್ದವು. ಒಂದು, ಹಾಲು ಕುಡಿದು ಮಲಗುತ್ತದೆ, ಇಲಿ ಹಿಡಿಯುವುದಿಲ್ಲ. ಎರಡು, ಭಾವನವರು ಕೂರುವ ಗಾದಿಯ ಮೇಲೆ ಅಕ್ಕಿಕಾಳಿನಂಥ ಬಿಳಿ ತುಣುಕುಗಳನ್ನು ಬಿಟ್ಟುಹೋಗುತ್ತದೆ. ಆ ಅಕ್ಕಿಕಾಳುಗಳು ನಡೆಯುತ್ತವೆ. ಫಿರ್ಯಾದಿಯೂ ನ್ಯಾಯಾಧೀಶರೂ ಭಾವನವರೇ. ಶಿಕ್ಷೆ ಆಗಲೇ ತೀರ್ಮಾನವಾಗಿತ್ತು: ಚೀಲದಲ್ಲಿ ಕಟ್ಟಿ ಚಿಟಗುಪ್ಪದ ದಾರಿಯಲ್ಲಿ ಎಲ್ಲಾದರೂ ಬಿಟ್ಟುಬರುವುದು.

ಅಕ್ಕ ಅಳುವವಳಲ್ಲ, ಭಾವನವರೊಂದಿಗೆ ಇಷ್ಟು ವರ್ಷ ಬಾಳಿದವಳು. ಅಂಥವಳು ಫೋನಿನಲ್ಲಿ ಮೂಗೆಳೆದದ್ದು ಕೇಳಿ ಹುಮನಾಬಾದಿನಿಂದ ಹೊರಟೆ. ದನದ ಡಾಕ್ಟರಾಗಿ ನಿವೃತ್ತನಾದ ಮೇಲೆ ಇಷ್ಟು ಘನವಾದ ಮೊಕದ್ದಮೆ ನನಗೆ ಸಿಕ್ಕಿರಲಿಲ್ಲ.

“ಬರ್ರಿ ಡಾಕ್ಟರ್ ಸಾಹೇಬ್ರ,” ಎಂದರು ಭಾವನವರು. “ಬೆಕ್ಕಿನ ವಕೀಲಕಿ ಮಾಡಾಕ ಬಂದೀರೇನು? ಗೋದಾಮಿನ್ಯಾಗ ಇಲಿ ತೊಗರಿ ಚೀಲ ಎಲ್ಲಾ ಕಡಿಯಾಕತ್ತಾವ.”

“ಹುಳಾನೇ ಸಾಕ್ಷಿ ಹೇಳ್ಲಿ ಬಿಡ್ರಿ, ಭಾವ.”

“ಅದಕ್ಕ ಬಾಯಿ ಅದ ಏನು?”

ಆ ಬಿಳಿ ತುಣುಕುಗಳು ಬೆಕ್ಕಿನ ಕರುಳಿನಲ್ಲಿರುವ ಲಾಡಿಹುಳುವಿನವು; ಲಾಡಿಹುಳುವಿಗೆ ನಿಜಕ್ಕೂ ಬಾಯಿಯಿಲ್ಲ. ಭಾವನವರು ಗೊತ್ತಿಲ್ಲದೆಯೇ ಸರಿಯಾಗಿ ಹೇಳಿದ್ದರು. ಆದರೆ ಬೆಕ್ಕು ಏನು ತಿಂದಿತೆಂಬುದು ಆ ಹುಳುವಿನ ಮೈಮೇಲೇ ಇರುತ್ತದೆ. ನಮ್ಮ ಕಡೆಯ ಬೆಕ್ಕುಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಎರಡು ಜಾತಿ. ಒಂದು, ಮೈ ನೆಕ್ಕುವಾಗ ಚಿಗಟ ನುಂಗಿದರೆ ಬರುವುದು. ಅದರ ಪ್ರತಿ ತುಣುಕಿನ ಎರಡೂ ಅಂಚಿಗೆ ಒಂದೊಂದು ರಂಧ್ರ. ಇನ್ನೊಂದು, ಇಲಿಯ ಯಕೃತ್ತಿನಲ್ಲಿ ಮರಿಯಾಗಿ ಕೂತಿದ್ದು, ಆ ಇಲಿಯನ್ನು ತಿಂದ ಬೆಕ್ಕಿಗೆ ಬರುವುದು; ಅದಕ್ಕೆ ಒಂದೇ ಅಂಚಿಗೆ ರಂಧ್ರ. ಎರಡು ರಂಧ್ರ ಕಂಡರೆ ಚೀಲವನ್ನು ನಾನೇ ಹೊರುತ್ತೇನೆ ಎಂದುಬಿಟ್ಟೆ. ಅಕ್ಕ ನನ್ನನ್ನು ಆಗ ನೋಡಿದಂತೆ ಹಿಂದೆಂದೂ ನೋಡಿರಲಿಲ್ಲ.

ತುಣುಕುಗಳನ್ನು ನೀರಿನ ಸೀಸೆಗೆ ಹಾಕಿಕೊಂಡು ವಾಪಸು ಬಸ್ಸು ಹತ್ತಿದೆ. ಪಕ್ಕದ ಹೆಂಗಸು, “ಔಷಧ ಏನ್ರಿ ಅಣ್ಣಾ ಅದು?” ಎಂದಳು. “ಸಾಕ್ಷಿದಾರರು,” ಎಂದೆ. ಅವಳು ಬೇರೆ ಸೀಟಿಗೆ ಹೋದಳು.

ಮನೆಯಲ್ಲಿ ಒಂದು ತುಣುಕನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಡ ಅಂಚಿನಲ್ಲಿ ರಂಧ್ರವಿತ್ತು. ಬಲ ಅಂಚು ನೋಡುವ ಮುನ್ನ ಕನ್ನಡಕ ಒರೆಸಿಕೊಂಡೆ. ಧೈರ್ಯ ಸಾಲದವರು ಮಾಡುವ ಕೆಲಸ ಅದು. ಬಲ ಅಂಚು ಖಾಲಿ. ಉಳಿದ ತುಣುಕುಗಳನ್ನೂ ಒಂದೊಂದಾಗಿ ವಿಚಾರಿಸಿದೆ. ಯಾವುದೂ ಮಾತು ಬದಲಿಸಲಿಲ್ಲ.

ಮರುದಿನ ಹೋದಾಗ ಭಾವನವರು ಚೀಲ ಝಾಡಿಸುತ್ತ ನಿಂತಿದ್ದರು.

“ಇಲಿ ತಿಂದದ ಭಾವ. ಬೆಕ್ಕಿಂದು ಕಸೂರ ಏನೂ ಇಲ್ರಿ.”

“ಹಂಗಾದ್ರ ನನ್ನ ಗೋದಾಮಿನ್ಯಾಗಿನ ಇಲಿ ಯಾಕ ಕಮ್ಮಿ ಆಗಿಲ್ಲ?”

ಉತ್ತರ ಅಕ್ಕನಿಂದ ಬಂತು. “ಸಂಜಿ ಆದ ಕೂಡ್ಲೆ ನೀವು ಕೀಲಿ ಜಡಿತೀರಿ. ಬೆಕ್ಕು ಕೀಲಿ ತಗದು ಒಳಗ ಹೋಗಬೇಕೇನ್ರಿ? ಅದಕ್ಕ ಮಂದಿ ಮನಿ ಇಲಿ ತಿನ್ನಾಕತ್ತದ.”

“ಒಳಗ ಬಿಟ್ರ ತೊಗರಿ ಮ್ಯಾಲ ಉಚ್ಚಿ ಹೊಯ್ತದ!”

“ಇಲಿ ಏನು ಗಂಗಾಜಲ ಹೊಯ್ಯಾಕತ್ತಾವೇನು?”

ಭಾವನವರು ನನ್ನತ್ತ ನೋಡಿದರು. ಈ ಪ್ರಶ್ನೆ ನನ್ನ ಶಾಸ್ತ್ರಕ್ಕೆ ಸೇರಿದ್ದಲ್ಲವೆಂದು ಜೇಬಿನಿಂದ ಗುಳಿಗೆಯ ಪೊಟ್ಟಣ ತೆಗೆದೆ.

ಅಕ್ಕ ಅವರ ಅಂಗಿಯ ಜೇಬಿಗೆ ಕೈಹಾಕಿ ಕೀಲಿಕೈ ತೆಗೆದುಕೊಂಡಳು. ನಾನು ತಂದಿದ್ದ ಹುಳದ ಗುಳಿಗೆಯನ್ನು ಬೆಕ್ಕಿನ ಗಂಟಲಿಗಿಳಿಸಿ, ಗೋದಾಮು ತೆರೆದು ಅದನ್ನು ಒಳಗೆ ಬಿಟ್ಟಳು. ಆಮೇಲೆ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತಳು.

“ಈಗ ಬರ್ರಿ,” ಎಂದಳು, “ಚೀಲ ತಗೊಂಡು.”