ಮಾಸು ಯಾರದು?

ಸೊಲ್ಲಾಪುರದ ಕಾಲೇಜಿನಲ್ಲಿ ಹನ್ನೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ಮೇಲೂ ನಾನು ಮಾಸನ್ನು ಕಣ್ಣಾರೆ ಕಂಡಿರಲಿಲ್ಲ. ಗರ್ಭದ ಕೂಸಿಗೆ ಅನ್ನ, ಉಸಿರು ಎರಡನ್ನೂ ಒದಗಿಸುವ ಆ ಅಂಗದ ಚಿತ್ರವನ್ನು ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಪುಸ್ತಕ ನೋಡದೆ ಬಿಡಿಸುತ್ತಿದ್ದೆ, ಅಷ್ಟೇ. ನನ್ನವೇ ಎರಡು ಹೆರಿಗೆಗಳಲ್ಲೂ ನರ್ಸು ಅದನ್ನು ಬೋಗುಣಿಯಲ್ಲಿ ಮುಚ್ಚಿ ಒಯ್ದಿದ್ದಳು. ತೋರಿಸು ಎನ್ನಬೇಕೆಂದು ನನಗೂ ಹೊಳೆದಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ತಂಗಿ ಸುನಂದಾ ಹೆರಿಗೆಗೆಂದು ಅಕ್ಕಲಕೋಟೆಗೆ, ಅವ್ವನ ಮನೆಗೆ ಬಂದಳು. ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೆಣ್ಣುಕೂಸು ಹುಟ್ಟಿ ಅಳುತ್ತಿತ್ತು. ಆದರೆ ಮುಕ್ಕಾಲು ಗಂಟೆಯಾದರೂ ಮಾಸು ಬಿದ್ದಿರಲಿಲ್ಲ. ರಕ್ತ ಹೋಗುತ್ತಲೇ ಇತ್ತು.

ಬಾಗಿಲಲ್ಲಿ ನಿಂತಿದ್ದ ಅವ್ವ ನನ್ನ ತೋಳು ಹಿಡಿದಳು. "ಕೂಸು ಬಂತು, ಇದ್ಯಾಕ ಬರವಲ್ದು? ಕಾಲೇಜದಾಗ ಇದನ್ನ ಕಲಸ್ತೀಯಲ್ಲ, ಹೇಳವಾ."

ನನಗೆ ನೆನಪಾದದ್ದು ಪುಸ್ತಕದ ವ್ಯಾಖ್ಯೆಯಷ್ಟೇ.

ಡಾಕ್ಟರಮ್ಮ ಹೊರಬಂದು, "ಘಾಬರಿ ಆಗಬ್ಯಾಡ್ರಿ ಆಯಿ, ಎಚ್ಚರ ತಪ್ಪೂ ಭೂಲ್ ಕೊಟ್ಟು ಮಲಗಸ್ತೀನಿ, ಕೈಲೇ ತಗೀತೀನಿ," ಎಂದು ಒಳಗೆ ಹೋದರು. ಆ ಅರ್ಧ ಗಂಟೆ ಅವ್ವ ಜಪ ಮಾಡಿದಳು. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಮತ್ತೆ ಮತ್ತೆ ಓದಿದೆ. ಕೊನೆಗೆ, "ಪೂರಾ ಬಂತ್ರಿ, ರಕ್ತಾನೂ ನಿಂತದ," ಎಂದು ಡಾಕ್ಟರಮ್ಮ ಒಳಗಿನಿಂದ ಹೇಳಿದರು.

ಈ ಸಲ ಬೋಗುಣಿಯ ಮುಚ್ಚಳ ತೆಗೆಸಿ ನೋಡಿದೆ. ತಟ್ಟೆಯಷ್ಟಗಲ, ಒಂದು ಮಗ್ಗುಲು ಹೊಳಪು, ಇನ್ನೊಂದು ಒರಟು. ಅವ್ವನೂ ಇಣುಕಿದಳು. "ಇಷ್ಟು ಗಟ್ಟಿ ಹಿಡಕೊಂಡಿದ್ದು ಯಾರದಿದು? ನನ್ನ ಮಗಳದೋ, ಕೂಸಿಂದೋ?"

"ಬಹಳಷ್ಟು ಕೂಸಿಂದೇ ಅವ್ವಾ."

"ಅಂದ್ರ ಅಳಿಯಂದಿರ ಮನೀದು," ಎಂದು ಅವ್ವ ತೀರ್ಪು ಕೊಟ್ಟಳು.

ತೀರ್ಪು ತಪ್ಪೆಂದು ತೋರಿಸುವ ಹಟದಿಂದ ಪುಣೆಯ ಪ್ರಯೋಗಾಲಯದಲ್ಲಿದ್ದ ಗೆಳತಿಗೆ ಪತ್ರ ಬರೆದೆ. ಅವಳು ಒಂದು ಕಟ್ಟು ಝೆರಾಕ್ಸ್ ಕಳಿಸಿದಳು. ನಮ್ಮ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವ ವಂಶವಾಹಿಗಳು ಅವೇ. ಆದರೆ ಯಾವ ಅಂಗದಲ್ಲಿ ಯಾವುದು ಕೆಲಸಕ್ಕಿಳಿದಿದೆ ಎಂಬುದನ್ನು ಅಲ್ಲಿ ಸಿಗುವ ಅದರ ಆರ್‌ಎನ್‌ಎ ನಕಲುಗಳಿಂದ ಪತ್ತೆ ಹಚ್ಚಬಹುದು. ಮೊಟ್ಟೆಯಿಡುವ ಪೂರ್ವಜರಿಗೆ ಇಲ್ಲದಿದ್ದ ಇಂಥ ಅಂಗಕ್ಕೆ ಹೊಸ ವಂಶವಾಹಿಗಳೇ ಬೇಕಾಗಿದ್ದಿರಬೇಕು ಎಂದು ನಾನು ತಿಳಿದಿದ್ದೆ. ಹುಡುಕಿದವರಿಗೆ ಅಲ್ಲಿ ಹೆಚ್ಚಾಗಿ ಕಂಡದ್ದು ಹಳೆಯ ವಂಶವಾಹಿಗಳು, ಅವುಗಳ ಮರಿಸಂತಾನ. ಮನುಷ್ಯರ ಮಾಸು ಸ್ರವಿಸುವ ಒಂದು ಹಾರ್ಮೋನು ಬೆಳವಣಿಗೆಯ ಹಾರ್ಮೋನಿನ ಕುಲದ್ದು. ಆಕಳಿನ ಮಾಸಿನಲ್ಲಿ ಅದೇ ಹೆಸರಿನ ಹಾರ್ಮೋನು ಹಾಲೂಡಿಸುವ ಹಾರ್ಮೋನಿನ ಕುಲದ್ದು. ಮದುವೆಯ ಕೆಲಸಕ್ಕೆ ಒಂದು ಮನೆಯವರು ಸೋದರಮಾವನನ್ನು, ಇನ್ನೊಂದು ಮನೆಯವರು ಕಾಕಾನನ್ನು ಕರೆಸಿದ ಹಾಗೆ.

ಇವು ಎರಡೂ ಮನೆಯವರಲ್ಲಿ ಇರುವಂಥವೇ ಆದ್ದರಿಂದ ಇಲ್ಲಿಯವರೆಗೆ ನಾನೇ ಗೆಲ್ಲುತ್ತಿದ್ದೆ. ಮುಂದಿನ ಹಾಳೆಯಲ್ಲಿ ಇಲಿಗಳ ವಿಷಯ ಬಂತು. ಕೆಲವು ವಂಶವಾಹಿಗಳಲ್ಲಿ ತಂದೆಯಿಂದ ಬಂದ ಪ್ರತಿ ಮಾತ್ರ ದುಡಿಯುತ್ತದೆ, ಕೆಲವುಗಳಲ್ಲಿ ತಾಯಿಯದು ಮಾತ್ರ. ತಂದೆಯವುಗಳಲ್ಲಿ ಕೆಲವು ಮಾಸನ್ನು ಬೆಳೆಸು ಎನ್ನುತ್ತವೆ, ತಾಯಿಯವುಗಳಲ್ಲಿ ಕೆಲವು ಸಾಕು ಎನ್ನುತ್ತವೆ. ಈ ಜಗ್ಗಾಟವೂ ವಿಕಾಸದ ಫಲವೆಂದು ಕೆಲವರ ವಾದ.

ಇದನ್ನು ಅವ್ವನಿಗೆ ಹೇಳಿದ್ದು ನನ್ನ ತಪ್ಪು. ಸುನಂದಾಳ ಮಾಸು ಅಂಟಿಕೊಂಡದ್ದಕ್ಕೆ ಇದೇ ಕಾರಣವಲ್ಲ ಎಂದು ಎರಡು ಸಲ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಬಾಣಂತಿಯನ್ನು ನೋಡಲು ಅಳಿಯ ಬಂದು ಚಹಾದ ಕಪ್ಪು ಹಿಡಿದದ್ದೇ ತಡ, "ಮಗಳು ಕಾಲೇಜದಾಗ ಓದಿ ಹೇಳ್ಯಾಳ್ರಿ. ಜಗ್ಗಾಡಿದ್ದು ನಿಮ್ಮ ಕಡೀದೇ ಅಂತ," ಎಂದಳು.

ಅವನು ಬ್ಯಾಂಕಿನ ಗುಮಾಸ್ತ, ಬಡಪಾಯಿ. ಏನೂ ತಿಳಿಯದೆ, "ತಪ್ಪಾತ್ರಿ ಅತ್ತಿಯವರ," ಎಂದು ಕಪ್ಪು ಕೆಳಗಿಟ್ಟ.

ಮೂಲೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದ ಸುನಂದಾ ನಕ್ಕಳು. ಇನ್ನೂ ಮುಖ ಬಿಳಿಚಿಕೊಂಡೇ ಇತ್ತು. "ಜಗ್ಗಿದ್ದಕ್ಕ ಕೂಸು ಮೂರು ಕಿಲೋ ಆಗೇದ. ನಮ್ಮ ಕಡೀದು ಹಿಡದು ನಿಲ್ಲಸಿದ್ದಕ್ಕ ನಾ ಉಳದೀನಿ. ಇಬ್ಬರದೂ ಬೇಕಾಗಿತ್ತು, ಬಿಡವ್ವಾ."

ಅವ್ವ ಅಳಿಯನ ಚಹಾ ಆರಿತೆಂದು ಬಿಸಿ ಮಾಡಲು ಕಪ್ಪನ್ನು ಒಳಗೆ ಒಯ್ದಳು.